ಎಲ್ಡನ್ ರಿಂಗ್‌ನ ಮೆಲಿನಾ: ಕೈ ಹಿಡಿದು ನಡೆಸದ ಮಾರ್ಗದರ್ಶಿ

ಎಲ್ಡನ್ ರಿಂಗ್ ಎಂಬ ವಿಡಿಯೋ ಗೇಮ್ ಹೊಸದಾಗಿ ಶುರು ಮಾಡಿದವರಿಗೆ ಮೊದಲ ಅರ್ಧ ಗಂಟೆಯಲ್ಲೇ ಏಳುವ ಪ್ರಶ್ನೆ: ಸೈನಿಕರನ್ನು ಕೊಂದು ರೂನ್ (ಲೆವೆಲ್ ಏರಿಸಲೂ ವಸ್ತು ಕೊಳ್ಳಲೂ ಬಳಸುವ ಆಟದ ಹಣ) ಕೂಡಿಟ್ಟದ್ದಾಯಿತು, ಇನ್ನು ಲೆವೆಲ್ ಏರಿಸುವುದು ಎಲ್ಲಿ? ವಿಶ್ರಾಂತಿ ಪಡೆಯುವ ಚಿನ್ನದ ಬೆಳಕಿನ ತಾಣವಾದ ಗ್ರೇಸ್ ಬಳಿ ಕುಳಿತರೆ ಮೆನುವಿನಲ್ಲಿ ಆ ಆಯ್ಕೆಯೇ ಕಾಣುವುದಿಲ್ಲ. ಏನೋ ತಪ್ಪಾಗಿದೆ ಎಂದುಕೊಂಡು ಆಟ ಮತ್ತೆ ಮೊದಲಿನಿಂದ ಶುರು ಮಾಡುವ ಅಗತ್ಯವಿಲ್ಲ. ಆ ಆಯ್ಕೆಯನ್ನು ತರುವವಳು ಮೆಲಿನಾ, ಮತ್ತು ಅವಳಿನ್ನೂ ಬಂದಿಲ್ಲ.

ಫ್ರಮ್‌ಸಾಫ್ಟ್‌ವೇರ್ ತಯಾರಿಸಿ ಬಂದೈ ನಾಮ್ಕೊ ಹೊರತಂದ ಈ ಆಟ ಬಿಡುಗಡೆಯಾದದ್ದು 2022ರ ಫೆಬ್ರವರಿ 25ರಂದು. ನಿರ್ದೇಶನ ಹಿದೆಟಾಕ ಮಿಯಾಝಾಕಿ ಅವರದು, ಆ ಲೋಕದ ಪೂರ್ವಕಥೆಗೆ ಕೈಜೋಡಿಸಿದವರು ಜಾರ್ಜ್ ಆರ್. ಆರ್. ಮಾರ್ಟಿನ್. ಆಟದ ಬಗ್ಗೆ ಬೇಕಾದಷ್ಟು ವಿಮರ್ಶೆಗಳು ಬಂದಿವೆ. ಇಲ್ಲಿ ತೂಗಿ ನೋಡುತ್ತಿರುವುದು ಮೆಲಿನಾಳನ್ನು ಮಾತ್ರ: ಮಾರ್ಗದರ್ಶಿಯಾಗಿ ಅವಳು ಏನು ಕೊಡುತ್ತಾಳೆ, ಎಲ್ಲಿ ಕೈಬಿಡುತ್ತಾಳೆ, ಅವಳ ಮಾತುಗಳನ್ನು ತಪ್ಪಿಸಿಕೊಳ್ಳದೆ ಕೇಳುವುದು ಹೇಗೆ. ಕಥೆಯ ಕೊನೆಯ ಭಾಗದ ವಿವರಗಳೂ ಬರುತ್ತವೆ. ಮೊದಲ ಬಾರಿ ಆಡುತ್ತಿರುವವರು ಲೇಂಡೆಲ್ ರಾಜಧಾನಿ ತೆರೆದುಕೊಳ್ಳುವ ಭಾಗ ಬಂದಲ್ಲಿ ಓದು ನಿಲ್ಲಿಸಿ, ಆಟ ಮುಗಿಸಿ ಬನ್ನಿ.

ಅವಳು ಬರುವ ನಿಯಮ ಸರಳ, ಆದರೆ ಆಟ ಅದನ್ನು ಎಲ್ಲೂ ಹೇಳುವುದಿಲ್ಲ. ಬಯಲಿನಲ್ಲಿರುವ ಮೂರು ಬೇರೆ ಬೇರೆ ಗ್ರೇಸ್‌ಗಳಲ್ಲಿ ಕುಳಿತು ವಿಶ್ರಾಂತಿ ಪಡೆದಿರಬೇಕು. ಮುಟ್ಟಿ ಬೆಳಗಿಸಿದರಷ್ಟೇ ಸಾಲದು, ಕೂರಬೇಕು. ಆರಂಭದ ಸಮಾಧಿ ಗುಹೆಯೊಳಗಿನ ಗ್ರೇಸ್‌ಗಳು ಲೆಕ್ಕಕ್ಕಿಲ್ಲ. ಹತ್ತಿರದ ದಾರಿ ಇದು: ಗುಹೆಯಿಂದ ಹೊರಬಂದ ಕೂಡಲೇ ಸಿಗುವ ಫಸ್ಟ್ ಸ್ಟೆಪ್, ಅಲ್ಲಿಂದ ಮುಂದೆ ಚರ್ಚ್ ಆಫ್ ಎಲ್ಲೆ, ಆಮೇಲೆ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಗೇಟ್‌ಫ್ರಂಟ್. ಮೊದಲ ಎರಡರ ನಡುವೆ ಚಿನ್ನದ ಕವಚ ತೊಟ್ಟ ಟ್ರೀ ಸೆಂಟಿನೆಲ್ ಕುದುರೆ ಮೇಲೆ ಗಸ್ತು ಹೊಡೆಯುತ್ತಿರುತ್ತಾನೆ. ಅವನನ್ನು ಈಗ ಕೆಣಕಬೇಡಿ, ದೂರದಿಂದಲೇ ಸುತ್ತಿ ಹೋಗಿ. ಗೇಟ್‌ಫ್ರಂಟ್‌ನಲ್ಲಿ ಸೈನಿಕರ ಬಿಡಾರಕ್ಕೆ ನುಗ್ಗುವ ಮೊದಲೇ ಗ್ರೇಸ್‌ನಲ್ಲಿ ಕುಳಿತುಬಿಡಿ. ಮೆಲಿನಾ ಅಲ್ಲೇ ಬರುತ್ತಾಳೆ.

ಅವಳ ಮಾತು ನೇರ. ತನ್ನನ್ನು ಎರ್ಡ್‌ಟ್ರೀ ಎಂಬ ಬೃಹತ್ ಚಿನ್ನದ ಮರದ ಬುಡಕ್ಕೆ ಕರೆದೊಯ್ಯಬೇಕು, ಬದಲಿಗೆ ನಿಮಗಿಲ್ಲದ ಫಿಂಗರ್ ಮೇಡನ್‌ಳ (ದಾರಿ ತೋರುವ ಸಹಾಯಕಿಯ) ಪಾತ್ರವನ್ನು ತಾನು ವಹಿಸಿ ರೂನ್‌ಗಳನ್ನು ಶಕ್ತಿಯಾಗಿಸಿ ಕೊಡುತ್ತಾಳೆ. ಒಪ್ಪಿದರೆ ಲೆವೆಲ್ ಏರಿಸುವ ಆಯ್ಕೆ ತೆರೆಯುತ್ತದೆ, ಜೊತೆಗೆ ಟೊರೆಂಟ್ ಎಂಬ ಕುದುರೆಯನ್ನು ಕರೆಯುವ ಸೀಟಿ ಕೈಗೆ ಬರುತ್ತದೆ. ಒಲ್ಲೆ ಎಂದರೂ ಕೆಟ್ಟದ್ದೇನೂ ಆಗದು. ಮತ್ತೆ ಗ್ರೇಸ್‌ನಲ್ಲಿ ಕುಳಿತಾಗ ಅದೇ ಮಾತನ್ನು ಮುಂದಿಡುತ್ತಾಳೆ. ಆದರೆ ತಡ ಮಾಡಿದಷ್ಟೂ ನಷ್ಟ ನಿಮ್ಮದೇ. ಸತ್ತರೆ ಕೈಯಲ್ಲಿದ್ದ ರೂನ್‌ಗಳೆಲ್ಲ ಆ ಜಾಗದಲ್ಲೇ ಬೀಳುತ್ತವೆ, ಹೋಗಿ ಎತ್ತಿಕೊಳ್ಳುವ ಮೊದಲು ಇನ್ನೊಮ್ಮೆ ಸತ್ತರೆ ಶಾಶ್ವತವಾಗಿ ಹೋಗುತ್ತವೆ.

ಅವಳನ್ನು ಭೇಟಿಯಾಗುವ ಮುನ್ನವೇ ಅಲೆಯಲು ಹೊರಟವರು ಸಿಕ್ಕಿಬೀಳುವ ಒಂದು ಜಾಗವಿದೆ. ಅಗೀಲ್ ಕೆರೆಯ ಬಳಿಯ ಡ್ರ್ಯಾಗನ್-ಬರ್ಂಟ್ ರೂಯಿನ್ಸ್‌ನ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ. ತೆರೆದರೆ ಅದರಿಂದ ಹೊಗೆ ಎದ್ದು ನಿಮ್ಮನ್ನು ಕೇಲಿಡ್ ಪ್ರದೇಶದ ಸೆಲಿಯಾ ಕ್ರಿಸ್ಟಲ್ ಟನಲ್ ಗಣಿಯೊಳಗೆ ಎಸೆಯುತ್ತದೆ. ಗಣಿಯಿಂದ ಹೊರಬೀಳುವ ತನಕ ಮ್ಯಾಪ್ ಮೂಲಕ ಬೇರೆಡೆಗೆ ಹಾರಲು ಆಗುವುದಿಲ್ಲ. ಲೆವೆಲ್ಲೂ ಇಲ್ಲದೆ ಕುದುರೆಯೂ ಇಲ್ಲದೆ ಅಲ್ಲಿ ಸಿಕ್ಕಿಕೊಂಡರೆ ಮಾಡುವುದು ಒಂದೇ: ಯಾರ ಜೊತೆಯೂ ಹೊಡೆದಾಡದೆ ಹೊರಬಾಗಿಲ ಕಡೆಗೆ ಓಡುವುದು. ಮೊದಲು ಮೆಲಿನಾ, ಆಮೇಲೆ ಪೆಟ್ಟಿಗೆ. ಈ ಕ್ರಮ ಪಾಲಿಸಿದರೆ ಬಹಳಷ್ಟು ಗೋಳು ತಪ್ಪುತ್ತದೆ.

ಟೊರೆಂಟ್ ಸಿಕ್ಕ ಕೂಡಲೇ ಮಾಡಬೇಕಾದ ಇನ್ನೊಂದು ಕೆಲಸವನ್ನು ಮೆಲಿನಾ ಹೇಳುವುದೇ ಇಲ್ಲ. ಚರ್ಚ್ ಆಫ್ ಎಲ್ಲೆಗೆ ಹಿಂದಿರುಗಿ, ಗ್ರೇಸ್‌ನಲ್ಲಿ ರಾತ್ರಿಯಾಗುವವರೆಗೆ ಕಾಲ ಕಳೆಯಿರಿ. ಮುರಿದ ಗೋಡೆಯ ಮೇಲೆ ರೆನ್ನಾ ಎಂಬ ಮಾಟಗಾತಿ ಕುಳಿತಿರುತ್ತಾಳೆ. ಅವಳು ಕೊಡುವ ಸ್ಪಿರಿಟ್ ಕಾಲಿಂಗ್ ಬೆಲ್ ಗಂಟೆಯಿಂದ ಯುದ್ಧಕ್ಕೆ ಆತ್ಮಗಳನ್ನು ಕರೆಯಬಹುದು, ಜೊತೆಗೆ ಮೂರು ತೋಳಗಳನ್ನು ಕರೆಯುವ ಬೂದಿಯೂ ಸಿಗುತ್ತದೆ. ಕುದುರೆಯ ಸೀಟಿ ಇಲ್ಲದವರಿಗೆ ಅವಳು ಕಾಣಿಸಿಕೊಳ್ಳುವುದಿಲ್ಲ. ತಪ್ಪಿಹೋದರೆ ರೌಂಡ್‌ಟೇಬಲ್ ಹೋಲ್ಡ್ ಎಂಬ ಸುರಕ್ಷಿತ ನೆಲೆಯಲ್ಲಿ ಗಂಟೆಯನ್ನು 1000 ರೂನ್‌ಗೆ ಕೊಳ್ಳಬಹುದು. ಒಂಟಿಯಾಗಿ ಆಡುವವರಿಗೆ ಈ ಗಂಟೆ ಕತ್ತಿಯಷ್ಟೇ ಮುಖ್ಯ. ಅಂಥದ್ದರ ಬಗ್ಗೆ ಒಂದು ಸುಳಿವನ್ನೂ ಕೊಡದಿರುವುದು ಮಾರ್ಗದರ್ಶಿ ಎನಿಸಿಕೊಂಡವಳ ದೊಡ್ಡ ಕೊರತೆ.

ಹಾಗಾದರೆ ದಾರಿ ತೋರಿಸುವವರು ಯಾರು? ಅವಳಲ್ಲ, ಗ್ರೇಸ್‌ಗಳೇ. ಕೆಲವು ಗ್ರೇಸ್‌ಗಳಿಂದ ಚಿನ್ನದ ಬೆಳಕಿನ ಎಳೆಯೊಂದು ಗಾಳಿಯಲ್ಲಿ ಬಾಗಿದಂತೆ ಒಂದು ದಿಕ್ಕಿಗೆ ಚಾಚಿರುತ್ತದೆ. ಮ್ಯಾಪ್‌ನಲ್ಲೂ ಅದು ಕಾಣುತ್ತದೆ. ಮುಖ್ಯ ಕಥೆ ಆ ಕಡೆ ಇದೆ ಎಂಬುದಷ್ಟೇ ಅದರ ಅರ್ಥ. ನೀವು ಅಲ್ಲಿಗೆ ಹೋಗುವಷ್ಟು ಗಟ್ಟಿಯಾಗಿದ್ದೀರಾ ಎಂಬುದನ್ನು ಅದು ಹೇಳುವುದಿಲ್ಲ. ಗೇಟ್‌ಫ್ರಂಟ್‌ನಿಂದ ಎಳೆ ಹಿಡಿದು ನೇರ ನಡೆದರೆ ಸ್ಟಾರ್ಮ್‌ವೀಲ್ ಕೋಟೆಯ ಸೇತುವೆಯ ಮೇಲೆ ಮಾರ್ಗಿಟ್ ಎಂಬ ಬಾಸ್ (ದೊಡ್ಡ ಶತ್ರು) ಕಾದಿರುತ್ತಾನೆ. ಫಸ್ಟ್ ಸ್ಟೆಪ್ ಬಳಿ ನಿಂತಿರುವ ಬಿಳಿ ಮುಖವಾಡದ ವಾರೇ ತೋರಿಸುವುದೂ ಅದೇ ಕೋಟೆಯನ್ನು. ಇಬ್ಬರನ್ನೂ ನಂಬಿ ಲೆವೆಲ್ 10ರ ಆಸುಪಾಸಿನಲ್ಲಿ ಹೋದವರು ಮಾರ್ಗಿಟ್‌ನ ಕೋಲಿಗೆ ಎರಡು ಮೂರು ಏಟಿನಲ್ಲೇ ಉರುಳುತ್ತಾರೆ. ಅವನ ಹೊಡೆತಗಳು ತಡವಾಗಿ ಇಳಿಯುತ್ತವೆ. ಕೋಲು ಎತ್ತಿದ ಕ್ಷಣಕ್ಕೇ ಉರುಳಿ ತಪ್ಪಿಸಿಕೊಳ್ಳಲು ನೋಡಿದರೆ, ನೀವು ಏಳುವ ಹೊತ್ತಿಗೆ ಸರಿಯಾಗಿ ಏಟು ಬೀಳುತ್ತದೆ.

ಆದ್ದರಿಂದ ಎಳೆಯನ್ನು ದಿಕ್ಸೂಚಿಯಂತೆ ನೋಡಿ, ಅಪ್ಪಣೆಯಂತಲ್ಲ. ಮಾರ್ಗಿಟ್‌ಗೆ ಮೊದಲು ದಕ್ಷಿಣದ ವೀಪಿಂಗ್ ಪೆನಿನ್ಸುಲಾ ಸುತ್ತಿ ಬನ್ನಿ. ಅಲ್ಲಿನ ಶತ್ರುಗಳು ಹೊಸಬರಿಗೆ ತಕ್ಕಷ್ಟೇ ಕಠಿಣ. ಸಿಕ್ಕ ಲೆವೆಲ್‌ಗಳಲ್ಲಿ ಅರ್ಧವನ್ನಾದರೂ ವಿಗರ್‌ಗೆ, ಅಂದರೆ ಜೀವಬಲಕ್ಕೆ, ಹಾಕಿ. ಅದು 20 ಮುಟ್ಟಿದರೆ ಮಾರ್ಗಿಟ್ ಮುಂದೆ ಒಂದು ತಪ್ಪು ಮಾಡಿಯೂ ಬದುಕಬಹುದು. ಆಯುಧವನ್ನು ಚರ್ಚ್ ಆಫ್ ಎಲ್ಲೆಯಲ್ಲಿರುವ ಕಮ್ಮಾರನ ಅಡಿಗಲ್ಲಿನಲ್ಲಿ +3ರವರೆಗೆ ಏರಿಸಬಹುದು, ಅದಕ್ಕೆ ಸ್ಮಿಥಿಂಗ್ ಸ್ಟೋನ್ ಎಂಬ ಕಲ್ಲುಗಳೂ ರೂನ್‌ಗಳೂ ಬೇಕು. ಇಷ್ಟಾದರೂ ಕಷ್ಟವೆನಿಸಿದರೆ ಮರ್ಕ್‌ವಾಟರ್ ಗುಹೆಯ ಪ್ಯಾಚಸ್ ಬಳಿ 5000 ರೂನ್‌ಗೆ ಸಿಗುವ ಸಂಕೋಲೆ ಮಾರ್ಗಿಟ್‌ನನ್ನು ಸ್ವಲ್ಪ ಹೊತ್ತು ನೆಲಕ್ಕೆ ಕಚ್ಚಿಸುತ್ತದೆ. ಪ್ಯಾಚಸ್ ಸೋತು ಶರಣಾದಾಗ ಕತ್ತಿ ಇಳಿಸಿ. ಕೊಂದುಬಿಟ್ಟರೆ ಅಲ್ಲಿ ಅವನ ಬಳಿ ಏನನ್ನೂ ಕೊಳ್ಳಲಾಗದು.

ಮಾರ್ಗಿಟ್‌ನನ್ನು ಎದುರಿಸಿದ ಮೇಲೆ, ಅಥವಾ ಆಟ ಶುರುವಾಗುವ ಲಿಮ್‌ಗ್ರೇವ್ ಪ್ರದೇಶ ದಾಟಿ ಬೇರೆ ಪ್ರದೇಶದ ಬಯಲಿನ ಗ್ರೇಸ್‌ನಲ್ಲಿ ಕುಳಿತಾಗ, ಮೆಲಿನಾ ಮತ್ತೊಮ್ಮೆ ಬಂದು ರೌಂಡ್‌ಟೇಬಲ್ ಹೋಲ್ಡ್‌ಗೆ ಕರೆಯುತ್ತಾಳೆ. ಕೂಡಲೇ ಒಪ್ಪಿಕೊಳ್ಳಿ. +3 ದಾಟಿ ಆಯುಧ ಬಲಪಡಿಸುವ ಕಮ್ಮಾರ ಹ್ಯೂ, ಬಾಸ್‌ಗಳ ನೆನಪುಗಳನ್ನು ಆಯುಧವಾಗಿ ಬದಲಿಸಿಕೊಡುವ ಎನಿಯಾ, ಇಬ್ಬರೂ ಇರುವುದು ಅಲ್ಲೇ.

ಇದೇ ಸಂಸ್ಥೆಯ ಹಿಂದಿನ ಆಟಗಳನ್ನು ಆಡಿದವರಿಗೆ ಮೆಲಿನಾಳ ವಂಶ ಗೊತ್ತು. 2009ರ ಡೀಮನ್ಸ್ ಸೋಲ್ಸ್‌ನಲ್ಲಿ ಕಪ್ಪುಡುಗೆಯ ಮೇಡನ್, 2014ರ ಡಾರ್ಕ್ ಸೋಲ್ಸ್ 2ರಲ್ಲಿ ಎಮರಾಲ್ಡ್ ಹೆರಾಲ್ಡ್, 2015ರ ಬ್ಲಡ್‌ಬೋರ್ನ್‌ನಲ್ಲಿ ಗೊಂಬೆ, 2016ರ ಡಾರ್ಕ್ ಸೋಲ್ಸ್ 3ರಲ್ಲಿ ಫೈರ್ ಕೀಪರ್. ಈ ನಾಲ್ಕರಲ್ಲೂ ಶಕ್ತಿ ಬೇಕೆಂದರೆ ಪ್ರತಿ ಸಲ ನೆಲೆಗೆ ವಾಪಸಾಗಿ ಅವರ ಎದುರು ನಿಲ್ಲಬೇಕಿತ್ತು. ಡಾರ್ಕ್ ಸೋಲ್ಸ್ 2ರಲ್ಲಂತೂ ಒಂದು ಲೆವೆಲ್‌ಗಾಗಿ ಮಜುಲಾಗೆ ಹೋಗಿ ಆ ಹಸಿರು ಮೇಲಂಗಿಯವಳ ಮಾತು ಮುಗಿಯುವವರೆಗೆ ಕಾಯುವುದು ಬೇಸರದ ಕೆಲಸ. ಎಲ್ಡನ್ ರಿಂಗ್ ಆ ತೊಂದರೆಯನ್ನು ತೆಗೆದುಹಾಕಿತು. ಒಪ್ಪಂದ ಒಮ್ಮೆ ಆದರೆ ಯಾವ ಗ್ರೇಸ್‌ನಲ್ಲಾದರೂ, ಅವಳ ಜೊತೆ ಮಾತಾಡದೆಯೇ, ಲೆವೆಲ್ ಏರಿಸಬಹುದು. ಇಷ್ಟು ದೊಡ್ಡ ಬಯಲಿನ ಆಟಕ್ಕೆ ಬೇರೆ ವ್ಯವಸ್ಥೆ ಹೊಂದುತ್ತಲೂ ಇರಲಿಲ್ಲ.

ಅನುಕೂಲಕ್ಕೆ ತೆತ್ತ ಬೆಲೆಯೂ ಇದೆ. ಗೊಂಬೆಯ ಮುಂದೆ ನೂರು ಸಲ ನಿಂತವರಿಗೆ ಅವಳು ಮನೆಯವಳಾಗಿಬಿಡುತ್ತಾಳೆ. ಮೆಲಿನಾ ಜೊತೆ ಆ ಸಲುಗೆ ಬೆಳೆಯಲು ಜಾಗವೇ ಇಲ್ಲ. ನೂರು ಗಂಟೆ ಆಡಿದವರೂ ಅವಳ ಮುಖ ಕಂಡದ್ದು ಬೆರಳೆಣಿಕೆಯಷ್ಟು ಸಲ. ದೇಹವಿಲ್ಲದವಳು ಎಂದು ಕಥೆ ಅದಕ್ಕೆ ಕಾರಣ ಕೊಡುತ್ತದೆ, ಆ ಕಾರಣ ಚೆನ್ನಾಗಿಯೂ ಇದೆ: ಸುಟ್ಟು ಹೋಗಿ ದೇಹ ಕಳೆದುಕೊಂಡವಳು ಅವಳು, ಎರ್ಡ್‌ಟ್ರೀಯೊಳಗೆ ತಾಯಿ ಒಪ್ಪಿಸಿದ ಕೆಲಸ ಯಾವುದೆಂದು ತಿಳಿಯಲು ಹೊರಟವಳು. ಆದರೆ ಅವಳ ಬಾಯಿಂದ ಬರುವ ಅತ್ಯುತ್ತಮ ಮಾತುಗಳನ್ನು ಆಟಗಾರರು ಕೇಳದೇ ಹೋಗುವಂತೆ ಇಟ್ಟದ್ದಕ್ಕೆ ಕಥೆಯಲ್ಲಿ ಯಾವ ಕಾರಣವೂ ಇಲ್ಲ. ಅದು ವಿನ್ಯಾಸದ ತಪ್ಪು.

ಆ ಮಾತುಗಳು ಸಿಗುವುದು ಹೀಗೆ. ಮರಿಕಾ ರಾಣಿಯ ಹೆಸರಿನ ಕೆಲವು ಚರ್ಚ್‌ಗಳಲ್ಲಿ, ಮತ್ತು ಲೇಂಡೆಲ್‌ನ ಕೆಲವು ಕಡೆ, ಗ್ರೇಸ್‌ನಲ್ಲಿ ಕುಳಿತಾಗ ಮೆನುವಿನಲ್ಲಿ ಮೆಲಿನಾಳೊಂದಿಗೆ ಮಾತಾಡುವ ಆಯ್ಕೆ ಹೊಸದಾಗಿ ಸೇರಿಕೊಂಡಿರುತ್ತದೆ. ಗಂಟೆ ಬಾರಿಸುವುದಿಲ್ಲ, ಗುರುತು ಮಿನುಗುವುದಿಲ್ಲ. ಔಷಧಿ ಬಾಟಲಿ ತುಂಬಿಸಿಕೊಂಡು ಎದ್ದು ಹೊರಟರೆ ಅದು ತಪ್ಪಿತು. ಆರಿಸಿದರೆ, ಒಂದು ಕಾಲಕ್ಕೆ ಮರಿಕಾ ಆಡಿದ ಮಾತುಗಳನ್ನು ಮೆಲಿನಾ ನೆನಪಿನಿಂದ ಹೇಳುತ್ತಾಳೆ. ರಾಣಿ ತಾನೇ ಸ್ಥಾಪಿಸಿದ ವ್ಯವಸ್ಥೆಯ ಮೇಲೆ ಹೇಗೆ ಅನುಮಾನಪಟ್ಟಳು, ತನ್ನ ಮಕ್ಕಳಿಗೆ ಏನೆಂದಳು, ಟಾರ್ನಿಶ್ಡ್‌ಗಳನ್ನು (ಆಟಗಾರನ ಪಾತ್ರದಂಥ ಗಡಿಪಾರಾದವರನ್ನು) ಯಾಕೆ ಹೊರಗಟ್ಟಿದಳು ಎಂಬುದೆಲ್ಲ ಇರುವುದು ಆ ಮಾತುಗಳಲ್ಲೇ. ಇಡೀ ಕಥೆಯ ಬೇರು ಅಲ್ಲಿದೆ. ಹೊಸ ಚರ್ಚ್ ಕಂಡಾಗಲೆಲ್ಲ ಗ್ರೇಸ್‌ನಲ್ಲಿ ಕುಳಿತು ಮೆನುವನ್ನು ಒಮ್ಮೆ ಮೇಲಿನಿಂದ ಕೆಳಗೆ ಓದುವ ಅಭ್ಯಾಸ ಮಾಡಿಕೊಳ್ಳಿ.

ಕನ್ನಡ ಓದುಗರು ಗಮನಿಸಬೇಕಾದ ಒಂದು ವಿಷಯ. ಆಟದ ಧ್ವನಿ ಇಂಗ್ಲಿಷಿನಲ್ಲಿ ಮಾತ್ರ ಇದೆ, ಅಕ್ಷರ ರೂಪದ ಅನುವಾದಗಳಲ್ಲಿ ಭಾರತದ ಯಾವ ಭಾಷೆಯೂ ಇಲ್ಲ. ಮೆಲಿನಾಳ ಸ್ವಂತ ಮಾತು ಅರ್ಥವಾಗುತ್ತದೆ. ಮರಿಕಾಳ ಮಾತು ಮಾತ್ರ ಹಳೆಯ ಇಂಗ್ಲಿಷಿನ ಛಾಯೆಯದು. ಹೊಸಗನ್ನಡ ಓದಿ ಬೆಳೆದವರಿಗೆ ಇದ್ದಕ್ಕಿದ್ದಂತೆ ಹಳಗನ್ನಡದ ಸಾಲು ಎದುರಾದರೆ ಹೇಗೋ ಹಾಗೆ. ಹೇಳಿದ ಮಾತುಗಳನ್ನು ಆಮೇಲೆ ಓದಲು ಆಟದಲ್ಲಿ ಯಾವ ದಾಖಲೆಯೂ ಉಳಿಯುವುದಿಲ್ಲ. ಸಬ್‌ಟೈಟಲ್ ಹಾಕಿಕೊಂಡು, ಆ ಭಾಗಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಬೇರೆ ಪಾತ್ರಗಳು ಎಲ್ಲಿ ಸಿಕ್ಕರು ಎಂಬುದಾದರೂ ಮರೆಯದಂತೆ 2022ರ ಮಾರ್ಚ್‌ನಲ್ಲಿ ಬಂದ 1.03 ಪ್ಯಾಚ್ ಅವರ ಹೆಸರು ಮತ್ತು ಗುರುತನ್ನು ಮ್ಯಾಪ್‌ನಲ್ಲಿ ತೋರಿಸತೊಡಗಿತು. ಮೆಲಿನಾ ಎಲ್ಲಿ ಮಾತಾಡುತ್ತಾಳೆ ಎಂಬುದಕ್ಕೆ ಅಂಥ ಗುರುತು ಇಲ್ಲ.

ದೊಡ್ಡ ಬಾಸ್‌ಗಳನ್ನು ಸೋಲಿಸಿ ಎರಡು ಗ್ರೇಟ್ ರೂನ್ ಗೆದ್ದವರಿಗೆ ರಾಜಧಾನಿ ಲೇಂಡೆಲ್ ತೆರೆದುಕೊಳ್ಳುತ್ತದೆ. ಎರ್ಡ್‌ಟ್ರೀಯ ಬುಡ ಇದೇ, ಅಂದರೆ ನಿಮ್ಮ ಕಡೆಯ ಒಪ್ಪಂದ ಇಲ್ಲಿಗೆ ಪೂರ್ತಿಯಾಯಿತು. ಅವಳ ನಿಜವಾದ ಗುಣ ಬೆಳಗುವುದೂ ಇಲ್ಲಿಂದಲೇ. ಮಾರ್ಗಾಟ್ ರಾಜನ ಯುದ್ಧಕ್ಕೆ ಒಳಹೋಗುವ ಮುನ್ನ ಮಂಜಿನ ಬಾಗಿಲ ಹೊರಗೆ ನೆಲದ ಮೇಲೆ ಚಿನ್ನದ ಬರಹ ಹುಡುಕಿ. ಅದು ಮೆಲಿನಾಳದು. ಕರೆದರೆ ಕಠಾರಿ ಹಿಡಿದು ನಿಮ್ಮ ಜೊತೆ ಕಾದುತ್ತಾಳೆ, ನಡುನಡುವೆ ಚಿಕ್ಕ ಚಿನ್ನದ ಮರವೊಂದನ್ನು ಮೂಡಿಸಿ ಗಾಯ ಮಾಯಿಸುತ್ತಾಳೆ. ಮಾರ್ಗಾಟ್‌ನ ಗಮನ ಅವಳ ಕಡೆ ತಿರುಗಿದಾಗ ನೀವು ಹಿಂದಿನಿಂದ ಹೊಡೆಯಿರಿ, ಪೆಟ್ಟಾದಾಗ ಮರದ ಬೆಳಕಿನೊಳಗೆ ಬಂದು ನಿಲ್ಲಿ. ಇಡೀ ಆಟದಲ್ಲಿ ಅವಳು ಆಯುಧ ಹಿಡಿದು ನಿಮ್ಮ ಪಕ್ಕ ನಿಲ್ಲುವುದು ಇದೊಂದೇ ಯುದ್ಧದಲ್ಲಿ. ಬಾಸ್ ಸುಲಭವಾಗಲಿ ಎಂದಲ್ಲ, ಅವಳಿಗಾಗಿಯೇ ಕರೆಯಿರಿ.

ಮಾರ್ಗಾಟ್ ಸತ್ತ ಮೇಲೆ ಮರದ ಬಾಗಿಲಿಗೆ ಮುಳ್ಳು ಅಡ್ಡ. ಗ್ರೇಸ್‌ನಲ್ಲಿ ಕುಳಿತು ಅವಳ ಮಾತು ಕೇಳಿದರೆ ರೋಲ್ಡ್ ಪದಕ ಕೊಡುತ್ತಾಳೆ. ಅದಿಲ್ಲದೆ ರೋಲ್ಡ್‌ನ ದೊಡ್ಡ ಲಿಫ್ಟ್ ನಿಮ್ಮನ್ನು ಹಿಮದ ಬೆಟ್ಟಗಳಿಗೆ ಒಯ್ಯುವುದಿಲ್ಲ. ಮೇಲೆ ಹೋಗಿ ಫೈರ್ ಜಯಂಟ್‌ನನ್ನು ಕೊಂದು ಬೃಹತ್ ಕುಲುಮೆಯ ಅಂಚು ತಲುಪಿದಾಗ ಅವಳ ಕೆಲಸ ಏನೆಂಬುದು ತಿಳಿಯುತ್ತದೆ. ಎರ್ಡ್‌ಟ್ರೀಯನ್ನು ಸುಡಲು ಕುಲುಮೆಗೆ ಉರುವಲು ಬೇಕು. ಆ ಉರುವಲು ಅವಳೇ. ಇದಕ್ಕೆ ಅವಳನ್ನು ಯಾರೂ ದೂಡುವುದಿಲ್ಲ. ಇದು ತನ್ನ ಆಯ್ಕೆ ಎಂದು ಅವಳು ಹೇಳುವ ರೀತಿಯಲ್ಲಿ ಅಳುವಿಲ್ಲ, ಅಬ್ಬರವಿಲ್ಲ. ಅಷ್ಟು ಕಡಿಮೆ ಕಂಡವಳು, ಅಷ್ಟು ಕಡಿಮೆ ಮಾತಾಡಿದವಳು ಈ ದೃಶ್ಯದಲ್ಲಿ ಮನಸ್ಸನ್ನು ಕಲಕುತ್ತಾಳೆಂದರೆ ಅದು ಬರವಣಿಗೆಯ ಗೆಲುವು. ಚರ್ಚ್‌ಗಳಲ್ಲಿ ಅವಳ ಮಾತು ಕೇಳಿದ್ದವರಿಗೆ ಇದರ ಭಾರವೇ ಬೇರೆ.

ಒಪ್ಪಿಗೆ ಕೊಡುವ ಮುನ್ನ ಗೊತ್ತಿರಬೇಕಾದ್ದು: ಬೆಂಕಿ ಹೊತ್ತಿದ ಬಳಿಕ ನೀವು ಏಳುವುದು ಫಾರಮ್ ಅಜುಲಾದಲ್ಲಿ. ಅಲ್ಲಿಂದ ಹಳೆಯ ಜಾಗಗಳಿಗೆಲ್ಲ ಹಿಂದಿರುಗಬಹುದು. ಲೆವೆಲ್ ಏರಿಸುವುದೂ ಟೊರೆಂಟ್‌ನ ಸವಾರಿಯೂ ಅವಳ ನಂತರವೂ ಹಾಗೇ ಉಳಿಯುತ್ತವೆ. ಆದರೆ ಫಾರಮ್ ಅಜುಲಾದ ಕೊನೆಯಲ್ಲಿ ಮಾಲಿಕೆತ್‌ನನ್ನು ಸೋಲಿಸಿದ ಕ್ಷಣ ಲೇಂಡೆಲ್ ಬೂದಿಯಲ್ಲಿ ಹೂತುಹೋಗುತ್ತದೆ. ಅಲ್ಲಿ ಬಿಟ್ಟುಬಂದ ವಸ್ತುಗಳು ಆ ಸುತ್ತಿನ ಆಟದಲ್ಲಿ ಮತ್ತೆ ಸಿಗುವುದಿಲ್ಲ. ಬೋಲ್ಟ್ ಆಫ್ ಗ್ರಾನ್‌ಸಾಕ್ಸ್ ಎಂಬ ಮಿಂಚಿನ ಈಟಿಯನ್ನು ಹೀಗೆ ಕಳೆದುಕೊಂಡವರು ಬಹಳ ಮಂದಿ. ಮಾಲಿಕೆತ್‌ನ ಮಂಜಿನ ಬಾಗಿಲು ದಾಟುವ ಮೊದಲು ಇನ್ನೊಮ್ಮೆ ರಾಜಧಾನಿಯನ್ನೆಲ್ಲ ಸುತ್ತಿ ಬನ್ನಿ.

ಅವಳನ್ನು ಸುಡದೇ ಉಳಿಸಲು ಆಗುವುದಿಲ್ಲವೇ? ಆಗುತ್ತದೆ, ಒಂದು ದಾರಿಯಿದೆ. ಹಿಮದ ಬೆಟ್ಟದ ಜಾಮೊರ್ ರೂಯಿನ್ಸ್‌ನಲ್ಲಿ ಸಿಗುವ ಶಬ್ರಿರಿ ಅದನ್ನೇ ಪಿಸುಗುಟ್ಟುತ್ತಾನೆ: ಹುಚ್ಚು ಜ್ವಾಲೆಯನ್ನು ನಿನ್ನ ಮೈಗೆ ತೆಗೆದುಕೋ, ಆ ಹುಡುಗಿಯ ಬದಲು ನೀನೇ ಉರುವಲಾಗು. ಲೇಂಡೆಲ್‌ನ ಅಡಿಯ ಚರಂಡಿಗಳಲ್ಲಿ ಇಳಿದು, ಮೋಗ್‌ನನ್ನು ಸೋಲಿಸಿ, ಪೂಜಾಪೀಠದ ಹಿಂದಿನ ಮಾಯಾಗೋಡೆಯನ್ನು ಹೊಡೆದು ಮಾಯವಾಗಿಸಿ, ಆಳಕ್ಕೆ ಇಳಿಯಬೇಕು. ಕೊನೆಯ ಬಾಗಿಲ ಮುಂದೆ ಮೈಮೇಲಿನ ಕವಚವನ್ನೆಲ್ಲ ಕಳಚಬೇಕು, ಒಂದು ತುಂಡು ಉಳಿದರೂ ಬಾಗಿಲು ತೆರೆಯುವುದಿಲ್ಲ. ಆ ಇಳಿಜಾರಿನಲ್ಲೂ ಮೆಲಿನಾ ಬಂದು ಬೇಡ ಎಂದು ಕೇಳಿಕೊಳ್ಳುತ್ತಾಳೆ. ತನ್ನ ಪ್ರಾಣಕ್ಕಾಗಿ ಕೇಳುವ ಮಾತಲ್ಲ ಅದು. ಈ ಲೋಕ ಎಷ್ಟೇ ಮುರಿದಿದ್ದರೂ ಅದರಲ್ಲಿ ಹುಟ್ಟುಂಟು, ಬಾಳುಂಟು ಎನ್ನುತ್ತಾಳೆ. ಕೇಳದೆ ಜ್ವಾಲೆಯನ್ನು ಅಪ್ಪಿಕೊಂಡರೆ ಒಪ್ಪಂದ ಮುರಿದು ಹೊರಟುಹೋಗುತ್ತಾಳೆ. ಆ ದಾರಿಯಲ್ಲೇ ಆಟ ಮುಗಿಸಿದರೆ ಕೊನೆಯ ದೃಶ್ಯದಲ್ಲಿ ಅವಳು ಮತ್ತೆ ಬರುತ್ತಾಳೆ. ಅಲ್ಲಿಯವರೆಗೆ ಮುಚ್ಚಿಯೇ ಇದ್ದ ಎಡಗಣ್ಣು ತೆರೆದಿರುತ್ತದೆ, ನಿಮ್ಮನ್ನು ಹುಡುಕಿ ಸಾವನ್ನು ತಲುಪಿಸುವ ಶಪಥ ಮಾಡುತ್ತಾಳೆ. ಆ ಕಣ್ಣಿನ ಗುಟ್ಟನ್ನು ಆಟ ಬಿಚ್ಚಿ ಹೇಳುವುದಿಲ್ಲ. 2024ರ ಜೂನ್ 21ರಂದು ಬಂದ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ವಿಸ್ತರಣೆಯಲ್ಲೂ ಉತ್ತರವಿಲ್ಲ, ಅವಳೂ ಇಲ್ಲ.

ಜ್ವಾಲೆಯನ್ನೂ ಆಮೇಲೆ ಕಳೆದುಕೊಳ್ಳಬೇಕೆಂದರೆ ಮಿಕೆಲಾನ ಸೂಜಿ ಬೇಕು. ಅದಕ್ಕೆ ಮಿಲಿಸೆಂಟ್ ಎಂಬ ಪಾತ್ರದ ಕಥೆಯನ್ನು ತುದಿಮುಟ್ಟಿಸಬೇಕು: ಏಯೋನಿಯಾ ಜೌಗಿನಲ್ಲಿ ಕಮಾಂಡರ್ ಓನೀಲ್‌ನಿಂದ ಮುರಿದ ಸೂಜಿ, ಗೌರಿ ಎಂಬ ಮುದುಕನಿಂದ ಅದರ ರಿಪೇರಿ, ಚರ್ಚ್ ಆಫ್ ದಿ ಪ್ಲೇಗ್‌ನಲ್ಲಿ ಮಿಲಿಸೆಂಟ್‌ಗೆ ಒಪ್ಪಿಸುವುದು, ಶೇಡೆಡ್ ಕ್ಯಾಸಲ್‌ನಿಂದ ಅವಳ ಕೃತಕ ಕೈ, ಆಮೇಲೆ ಗಾಳಿಯಂತ್ರಗಳ ಹಳ್ಳಿ, ಹಿಮದ ಬೆಟ್ಟ, ಕೊನೆಗೆ ಎಲ್ಫೇಲ್. ಅಲ್ಲಿ ನೆಲದ ಮೇಲೆ ಎರಡು ಬರಹ ಕಾಣುತ್ತವೆ. ಚಿನ್ನದ್ದನ್ನು ಆರಿಸಿ ಅವಳ ಪರವಾಗಿ ಕಾದಿ. ಕೆಂಪನ್ನು ಮುಟ್ಟಿದರೆ ಅವಳನ್ನೇ ಕೊಲ್ಲಬೇಕಾಗುತ್ತದೆ, ಸೂಜಿಯ ಆಸೆ ಅಲ್ಲಿಗೆ ಮುಗಿಯಿತು. ಗೆದ್ದ ಮೇಲೆ ಮಿಲಿಸೆಂಟ್‌ಳ ಮಾತು ಪೂರ್ತಿ ಕೇಳಿ, ಸೂಜಿ ಪಡೆದು, ಬಾಸ್ ಮಲೇನಿಯಾಳನ್ನು ಸೋಲಿಸಿ, ಅವಳಿದ್ದ ಜಾಗದಲ್ಲಿ ಅರಳಿದ ಹೂವಿಗೆ ಸೂಜಿ ಅರ್ಪಿಸಬೇಕು. ಬದಲಾಗಿ ಸಿಗುವ ಮಿಕೆಲಾನ ಸೂಜಿ ಕೆಲಸ ಮಾಡುವುದು ಫಾರಮ್ ಅಜುಲಾದಲ್ಲಿ ಡ್ರ್ಯಾಗನ್‌ಲಾರ್ಡ್ ಪ್ಲಾಸಿಡುಸಾಕ್ಸ್‌ನನ್ನು ಸೋಲಿಸಿದ ಅಂಗಳದಲ್ಲಿ ಮಾತ್ರ, ಬೇರೆಲ್ಲೂ ಅಲ್ಲ. ಬಳಸಿದ ಕೂಡಲೇ ಜ್ವಾಲೆ ಅಡಗಿ, ಉಳಿದ ಮುಕ್ತಾಯಗಳ ದಾರಿ ಮತ್ತೆ ತೆರೆದುಕೊಳ್ಳುತ್ತದೆ.

ಇದರಲ್ಲಿ ತಪ್ಪಬಾರದ ಕ್ರಮ ಒಂದೇ: ಕುಲುಮೆಗೆ ಹೋಗುವ ಮೊದಲೇ ಜ್ವಾಲೆ ತೆಗೆದುಕೊಂಡಿರಬೇಕು. ಹಾಗೆ ಮಾಡಿದರೂ ಸೂಜಿ ಚುಚ್ಚಿಕೊಂಡ ಮೇಲೆ ಮೆಲಿನಾ ತಿರುಗಿ ಬಂದು ಗ್ರೇಸ್ ಪಕ್ಕದಲ್ಲಿ ಕೂರುವುದಿಲ್ಲ. ಅವಳು ಸುಟ್ಟುಹೋಗಿಲ್ಲ, ಎಲ್ಲೋ ಇದ್ದಾಳೆ, ಅಷ್ಟೇ.